ಸಹಾಯ ಬೇಕು: ಹಳೇ ಮ್ಯಾಚ್‌ಬಾಕ್ಸ್ ಕಾರಿನ ರಿವೆಟ್ ಕಂಬ ಬಿರಿದಿದೆ

ಈ ಆಟಿಕೆ ಕಾರುಗಳನ್ನು ಲೆಸ್ನಿ ಕಂಪನಿ ಮಾಡುತ್ತಿದ್ದ ಕಾಲದ್ದು, 1969ರಲ್ಲಿ ವೇಗವಾಗಿ ಉರುಳುವ ಸೂಪರ್‌ಫಾಸ್ಟ್ ಚಕ್ರ ಬರುವುದಕ್ಕೂ ಮುಂಚಿನದು. ಹೊಸ ಬಣ್ಣ ಹೊಡೆಯಲು ಬಿಚ್ಚಿದ್ದು. ಬಾಡಿಯಿಂದ ಇಳಿದು ತಳದ ತಗಡನ್ನು ಹಿಡಿದಿರುವ ಕಂಬದ ತುದಿಯ ರಿವೆಟ್ ತಲೆಯನ್ನು 3 ಎಂಎಂ ಬಿಟ್‌ನಲ್ಲಿ ಕೊರೆದು ತೆಗೆದಾಯಿತು. ಮತ್ತೆ ಸ್ಕ್ರೂ ಹಾಕಿ ಜೋಡಿಸೋಣವೆಂದು ಕಂಬದಲ್ಲಿ 1.6 ಎಂಎಂ ತೂತು ಹಾಕಿ ಎಂ2 ಟ್ಯಾಪ್ (2 ಎಂಎಂ ಸ್ಕ್ರೂ ಕೂರುವ ಸುರುಳಿ ಗೆರೆ ಕೊರೆಯುವ ಉಪಕರಣ) ತಿರುಗಿಸುವಾಗ ಕಂಬ ಉದ್ದಕ್ಕೂ ಬಿರಿಯಿತು.

ಕಾರಣ ಗೊತ್ತಿದೆ. ಬಿಟ್ ಕೂರಲು ಸಣ್ಣ ಗುಳಿ ಮಾಡುವ ಸೆಂಟರ್ ಪಂಚ್ ಹೊಡೆದಿರಲಿಲ್ಲ, ಬಿಟ್ ಜಾರಿ ತೂತು ಅರ್ಧ ಎಂಎಂ ಪಕ್ಕಕ್ಕೆ ಸರಿದಿದೆ, ಆ ಬದಿಯ ಗೋಡೆ ಕಾಗದದಷ್ಟು ತೆಳು. ಜೊತೆಗೆ ಸತುವಿನ ಮಿಶ್ರಲೋಹ ಟ್ಯಾಪ್‌ನ ಹಲ್ಲಿಗೆ ಮೆತ್ತಿಕೊಳ್ಳುತ್ತದೆ. ಅರ್ಧ ಸುತ್ತಿಗೊಮ್ಮೆ ಹಿಂದಕ್ಕೆ ತಿರುಗಿಸಿ, ಒಂದು ತೊಟ್ಟು ಎಣ್ಣೆ ಬಿಡಬೇಕಿತ್ತು.

ಈಗ ಕಂಬಕ್ಕೆ ಹೊರಗಿನಿಂದ ತೆಳು ಹಿತ್ತಾಳೆ ಕೊಳವೆ ತೊಡಿಸಿ ಎಪಾಕ್ಸಿ ಹಾಕಬೇಕೆ, ಅಥವಾ ತೂತಿಗೇ ಎಪಾಕ್ಸಿ ತುಂಬಿ 24 ಗಂಟೆ ಬಿಟ್ಟು ಮತ್ತೆ ಕೊರೆಯಬೇಕೆ? ಕೊಳವೆ ತೊಡಿಸಿದರೆ ತಳದ ತಗಡಿನ ರಂಧ್ರ ದೊಡ್ಡದು ಮಾಡಬೇಕಾಗುತ್ತದೆ, ಅದು ಬೇಡ. ಬೆಸುಗೆ ಸಲಹೆ ದಯವಿಟ್ಟು ಬೇಡ, ಬಿಸಿಗೆ ಬಾಡಿಯೇ ಕುಸಿದೀತು.

ಇನ್ನೊಂದು: ಕಾಸ್ಟಿಕ್ ಸೋಡಾದಲ್ಲಿ ಬಣ್ಣ ತೆಗೆದಿದ್ದಕ್ಕೆ ಲೋಹ ಕಪ್ಪಾಗಿದೆ. ಹಿತ್ತಾಳೆ ತಂತಿಯ ಬ್ರಷ್‌ನಲ್ಲಿ ಉಜ್ಜಿದರೂ ಬಾಗಿಲಿನ ಗೆರೆಗಳಲ್ಲಿ ಹಾಗೇ ಉಳಿದಿದೆ. ಇದರ ಮೇಲೆ ಎಚ್ (etch) ಪ್ರೈಮರ್, ಅಂದರೆ ಲೋಹವನ್ನು ತುಸು ಕೊರೆದು ಅಂಟಿಕೊಳ್ಳುವ ತಳಬಣ್ಣ, ಹಿಡಿಯುತ್ತದೆಯೆ? ಬೆಂಗಳೂರಿನ ಎಸ್‌ಪಿ ರೋಡ್ ಕಡೆ ಒಳ್ಳೆಯ ಎಂ2 ಟ್ಯಾಪ್ ಬಿಡಿಯಾಗಿ ಸಿಗುವ ಅಂಗಡಿ ಇದ್ದರೆ ಅದನ್ನೂ ತಿಳಿಸಿ.