ಬ್ರೌನ್ ತೀರ್ಪಿನ ನಂತರವೂ ಅಮೆರಿಕದ ಶಾಲೆಗಳಲ್ಲಿ ಪ್ರತ್ಯೇಕತೆ ಅಷ್ಟು ವರ್ಷ ಉಳಿದದ್ದು ಹೇಗೆ?

ಪ್ರಶ್ನೆ

ಅಮೆರಿಕದ ನಾಗರಿಕ ಹಕ್ಕುಗಳ ಚಳವಳಿಯ ಬಗ್ಗೆ ಓದುವಾಗ ನನ್ನನ್ನು ಬಿಡದೆ ಕಾಡುತ್ತಿರುವ ಸಂದೇಹವೊಂದನ್ನು ತಿಳಿದವರ ಮುಂದಿಡುತ್ತಿದ್ದೇನೆ. 1954ರ ಮೇ 17ರಂದು ಬ್ರೌನ್ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು, ಸರ್ಕಾರಿ ಶಾಲೆಗಳಲ್ಲಿ ಮಕ್ಕಳನ್ನು ಜನಾಂಗದ ಆಧಾರದ ಮೇಲೆ ಬೇರ್ಪಡಿಸುವುದು ಸಂವಿಧಾನಬಾಹಿರವೆಂದು ಒಮ್ಮತದಿಂದ ಹೇಳಿದರು. 1896ರ ಪ್ಲೆಸ್ಸಿ ಪ್ರಕರಣದಿಂದ ನಡೆದುಬಂದಿದ್ದ ‘ಪ್ರತ್ಯೇಕ, ಆದರೆ ಸಮಾನ’ ಎಂಬ ಸಿದ್ಧಾಂತ ಶಾಲೆಗಳ ಮಟ್ಟಿಗೆ ಅಲ್ಲಿಗೆ ಬಿದ್ದುಹೋಯಿತು. ಆದರೆ ಆರು ವರ್ಷಗಳ ನಂತರ, 1960ರ ನವೆಂಬರ್ 14ರಂದು, ನ್ಯೂ ಆರ್ಲಿಯನ್ಸ್ ನಗರದಲ್ಲಿ ರೂಬಿ ಬ್ರಿಜಸ್ ಎಂಬ ಆರು ವರ್ಷದ ಬಾಲಕಿ ಫೆಡರಲ್ ಮಾರ್ಷಲ್‌ಗಳ ಕಾವಲಿನಲ್ಲಿ, ಕೂಗಾಡುತ್ತಿದ್ದ ಗುಂಪನ್ನು ದಾಟಿ ಒಂದನೇ ತರಗತಿಗೆ ಹೋಗಬೇಕಾಯಿತು. ಬಿಳಿಯ ಪೋಷಕರು ತಮ್ಮ ಮಕ್ಕಳನ್ನು ಬಿಡಿಸಿಕೊಂಡು ಹೋದದ್ದರಿಂದ, ಬಾಸ್ಟನ್ ಕಡೆಯಿಂದ ಬಂದಿದ್ದ ಶಿಕ್ಷಕಿಯೊಬ್ಬರು ಆ ವರ್ಷವಿಡೀ ಅವಳೊಬ್ಬಳಿಗೇ ಪಾಠ ಹೇಳಿದರು. ತೀರ್ಪು ಬಂದ ವರ್ಷದಲ್ಲೇ ಹುಟ್ಟಿದ ಮಗು ಶಾಲೆಗೆ ಸೇರುವ ವಯಸ್ಸಿಗೆ ಬಂದರೂ ಆ ತೀರ್ಪು ಅವಳ ಊರಿನ ಶಾಲೆಯಲ್ಲಿ ಜಾರಿಯಾಗಿರಲಿಲ್ಲ.

ದೇಶದ ಅತ್ಯುನ್ನತ ನ್ಯಾಯಾಲಯ ಇಷ್ಟು ಸ್ಪಷ್ಟವಾಗಿ ಹೇಳಿದ ಮೇಲೂ ಅದನ್ನು ಇಷ್ಟು ಕಾಲ ತಡೆದಿಡಲು ಸಾಧ್ಯವಾದದ್ದು ಹೇಗೆ? ಕೊನೆಗೆ ಪರಿಸ್ಥಿತಿ ಬದಲಾದದ್ದು ಯಾವುದರಿಂದ: ನ್ಯಾಯಾಲಯದಿಂದಲೋ, ಸೈನ್ಯದಿಂದಲೋ, ಹಣದಿಂದಲೋ? ಗುಂಪುಗಳ ದ್ವೇಷದ ವಿವರಣೆಯನ್ನು ಸಾಕಷ್ಟು ಓದಿದ್ದೇನೆ. ಆಡಳಿತ ಯಂತ್ರ ಹೇಗೆ ಕೆಲಸ ಮಾಡಿತು ಎಂಬುದನ್ನು ಯಾರಾದರೂ ವಿವರಿಸಿದರೆ ಉಪಕಾರವಾಗುತ್ತದೆ.

ಮೊದಲ ಉತ್ತರ

ನೀವು ಕೇಳುತ್ತಿರುವ ವಿಳಂಬದ ಮೂಲ 1955ರ ಮೇ 31ರ ಎರಡನೆಯ ಆದೇಶದಲ್ಲಿದೆ. ಮೊದಲ ತೀರ್ಪು ತತ್ವವನ್ನು ಸಾರಿ, ಜಾರಿಯ ವಿಧಾನವನ್ನು ಮುಂದಕ್ಕೆ ಹಾಕಿತ್ತು. ಮರುವರ್ಷದ ಆದೇಶ ಆ ಹೊಣೆಯನ್ನು ಸ್ಥಳೀಯ ಶಾಲಾ ಮಂಡಳಿಗಳಿಗೂ ಅವುಗಳ ಮೇಲೆ ಕಣ್ಣಿಡಬೇಕಾದ ಕೆಳಹಂತದ ಫೆಡರಲ್ ನ್ಯಾಯಾಲಯಗಳಿಗೂ ವಹಿಸಿ, ವಿವೇಚನೆಗೆ ತಕ್ಕ ವೇಗದಲ್ಲಿ ಕೆಲಸ ಮುಗಿಸಿರಿ ಎಂದಷ್ಟೇ ಹೇಳಿತು; ಯಾವ ಗಡುವನ್ನೂ ವಿಧಿಸಲಿಲ್ಲ. ಅಪರಾಧ ಎಸಗಿದ ಮಂಡಳಿಗಳಿಗೇ ಪರಿಹಾರದ ವೇಳಾಪಟ್ಟಿಯನ್ನು ಬರೆಯಲು ಬಿಟ್ಟದ್ದು ದೊಡ್ಡ ಅನ್ಯಾಯವೆಂದೇ ನಾನು ತಿಳಿದಿದ್ದೇನೆ.

ಆ ಸಡಿಲಿನಲ್ಲಿ ದಕ್ಷಿಣದ ರಾಜ್ಯಗಳು ಏನು ಮಾಡಿದವೆಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು. 1956ರ ಮಾರ್ಚ್‌ನಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ 101 ಸದಸ್ಯರು ತೀರ್ಪನ್ನು ವಿರೋಧಿಸುವ ಪ್ರಣಾಳಿಕೆಗೆ ಸಹಿ ಹಾಕಿದರು. ವರ್ಜೀನಿಯಾದ ಸೆನೆಟರ್ ಹ್ಯಾರಿ ಬರ್ಡ್ ಬೃಹತ್ ಪ್ರತಿರೋಧಕ್ಕೆ ಕರೆ ಕೊಟ್ಟರು. ಇವೆಲ್ಲ ಕಣ್ಣಿಗೆ ಕಾಣುವ ಪ್ರತಿರೋಧ. ಇದಕ್ಕಿಂತ ಪರಿಣಾಮಕಾರಿಯಾಗಿದ್ದದ್ದು ವಿದ್ಯಾರ್ಥಿಗಳ ಹಂಚಿಕೆಯ ಕಾನೂನುಗಳು. ಅವುಗಳಲ್ಲಿ ಜನಾಂಗದ ಮಾತೇ ಇರುತ್ತಿರಲಿಲ್ಲ. ಮಗು ಈಗಿರುವ ಶಾಲೆಯಲ್ಲೇ ಮುಂದುವರಿಯುತ್ತದೆ, ಬೇರೆ ಶಾಲೆ ಬೇಕೆನ್ನುವ ಪೋಷಕರು ಪ್ರತ್ಯೇಕ ಅರ್ಜಿ ಸಲ್ಲಿಸಬೇಕು, ಮಂಡಳಿಯು ಮಗುವಿನ ಕಲಿಕೆಯ ಮಟ್ಟ, ನಡತೆ, ಮನೆಯ ಹಿನ್ನೆಲೆ ಮುಂತಾದವುಗಳನ್ನು ಪರಿಶೀಲಿಸಿ ತೀರ್ಮಾನಿಸುತ್ತದೆ ಎಂದು ಮಾತ್ರ ಬರೆದಿರುತ್ತಿತ್ತು. ಅರ್ಜಿ ತಿರಸ್ಕೃತವಾದರೆ ಆಡಳಿತದ ಮೇಲ್ಮನವಿಯ ಹಂತಗಳನ್ನೆಲ್ಲ ದಾಟಿದ ಮೇಲಷ್ಟೇ ನ್ಯಾಯಾಲಯದ ಮೆಟ್ಟಿಲು ಹತ್ತಬಹುದಾಗಿತ್ತು. ಇಡೀ ಸಮುದಾಯಕ್ಕೆ ಸೇರಿದ ಹಕ್ಕನ್ನು ಒಂದೊಂದು ಮಗುವಿನ ಒಂದೊಂದು ಅರ್ಜಿಯಾಗಿ ಒಡೆದದ್ದು ಹೀಗೆ. ಅಲಬಾಮಾದ ಇಂತಹ ಕಾನೂನು ಮೇಲ್ನೋಟಕ್ಕೆ ಸಿಂಧುವಾಗಿದೆ ಎಂಬ ನಿಲುವನ್ನು 1958ರಲ್ಲಿ ಸುಪ್ರೀಂ ಕೋರ್ಟೇ ಎತ್ತಿಹಿಡಿಯಿತು.

ಸೈನ್ಯದ ಬಗ್ಗೆ ಕೇಳಿದ್ದೀರಿ. 1957ರ ಸೆಪ್ಟೆಂಬರ್‌ನಲ್ಲಿ ಆರ್ಕನ್ಸಾದ ಲಿಟಲ್ ರಾಕ್ ನಗರದ ಸೆಂಟ್ರಲ್ ಹೈಸ್ಕೂಲಿಗೆ ಸೇರಬೇಕಿದ್ದ ಒಂಬತ್ತು ಕಪ್ಪು ವಿದ್ಯಾರ್ಥಿಗಳನ್ನು ತಡೆಯಲು ಗವರ್ನರ್ ಓರ್ವಲ್ ಫಾಬಸ್ ರಾಜ್ಯದ ನ್ಯಾಷನಲ್ ಗಾರ್ಡ್ ಪಡೆಯನ್ನು ನಿಲ್ಲಿಸಿದರು. ಅಧ್ಯಕ್ಷ ಐಸೆನ್‌ಹೋವರ್ 101ನೇ ವಾಯುಗಾಮಿ ವಿಭಾಗದ ಸೈನಿಕರನ್ನು ಕಳುಹಿಸಿದ ಮೇಲೆ ಮಕ್ಕಳು ಒಳಗೆ ಹೋದರು, ಮತ್ತು ಅವರಲ್ಲಿ ಅರ್ನೆಸ್ಟ್ ಗ್ರೀನ್ 1958ರ ಮೇ ತಿಂಗಳಲ್ಲಿ ಅಲ್ಲೇ ಹೈಸ್ಕೂಲು ಮುಗಿಸಿದರು. ಆದರೆ ಅದೇ ವರ್ಷ ನ್ಯಾಯಾಲಯವು ಗಲಭೆಯ ಕಾರಣಕ್ಕೆ ಮಕ್ಕಳ ಹಕ್ಕನ್ನು ಮುಂದೂಡಲಾಗದು ಎಂದು ಖಂಡಿತವಾಗಿ ಹೇಳಿದಾಗ, ಫಾಬಸ್ ನಗರದ ಹೈಸ್ಕೂಲುಗಳನ್ನೇ ಒಂದು ವರ್ಷ ಮುಚ್ಚಿಸಿದರು. ಸೈನ್ಯವು ಒಂದು ಕಟ್ಟಡದ ಬಾಗಿಲನ್ನು ತೆರೆಸಬಲ್ಲುದು. ದಕ್ಷಿಣದುದ್ದಕ್ಕೂ ಇದ್ದ ಶಾಲಾ ಮಂಡಳಿಗಳ ಕಡತಗಳಲ್ಲಿ ನಡೆಯುತ್ತಿದ್ದುದನ್ನು ಅದು ತಡೆಯುವಂತಿರಲಿಲ್ಲ. ತೀರ್ಪು ಬಂದು ಹತ್ತು ವರ್ಷಗಳಾದಾಗ, ಹಿಂದೆ ಒಕ್ಕೂಟದಿಂದ ಸಿಡಿದುಹೋಗಿದ್ದ ಹನ್ನೊಂದು ರಾಜ್ಯಗಳಲ್ಲಿ ಬಿಳಿಯ ಮಕ್ಕಳ ಜೊತೆ ಓದುತ್ತಿದ್ದ ಕಪ್ಪು ಮಕ್ಕಳ ಪ್ರಮಾಣ ಶೇಕಡಾ 2ಕ್ಕಿಂತಲೂ ಕಡಿಮೆಯಿತ್ತು.

ತಿರುವು ಬಂದದ್ದು 1964ರ ನಾಗರಿಕ ಹಕ್ಕುಗಳ ಕಾಯ್ದೆಯಿಂದ. ಶಾಲೆಗಳ ವಿರುದ್ಧ ಕೇಂದ್ರ ಸರ್ಕಾರದ ಅಟಾರ್ನಿ ಜನರಲ್ ತಾವೇ ದಾವೆ ಹೂಡುವ ಅಧಿಕಾರ ಅದರಿಂದ ಸಿಕ್ಕಿತು. ತಾರತಮ್ಯ ಮಾಡುವ ಸಂಸ್ಥೆಗಳಿಗೆ ಕೇಂದ್ರದ ಹಣ ಹೋಗಕೂಡದು ಎಂಬ ನಿಯಮವೂ ಬಂತು. ಮರುವರ್ಷ ಶಿಕ್ಷಣ ಕಾಯ್ದೆಯೊಂದರ ಮೂಲಕ ಬಡ ಶಾಲಾ ಜಿಲ್ಲೆಗಳಿಗೆ (ಒಂದೊಂದು ಶಾಲಾ ಮಂಡಳಿಯ ವ್ಯಾಪ್ತಿಯ ಪ್ರದೇಶಗಳಿಗೆ) ದೊಡ್ಡ ಮೊತ್ತದ ಅನುದಾನ ಹರಿಯತೊಡಗಿದಾಗ ಆ ನಿಯಮಕ್ಕೆ ನಿಜವಾದ ಬಲ ಬಂತು. ಆಗ ಮಂಡಳಿಗಳು ‘ಆಯ್ಕೆಯ ಸ್ವಾತಂತ್ರ್ಯ’ ಎಂಬ ಯೋಜನೆಯ ಮೊರೆಹೊಕ್ಕವು: ಯಾವ ಶಾಲೆಯನ್ನಾದರೂ ಆರಿಸಿಕೊಳ್ಳಿ, ನಮ್ಮ ಅಡ್ಡಿಯಿಲ್ಲ ಎಂಬುದು ಅದರ ಸಾರ. ವರ್ಜೀನಿಯಾದ ನ್ಯೂ ಕೆಂಟ್ ಕೌಂಟಿಯಲ್ಲಿ (ಕೌಂಟಿ ಎಂದರೆ ರಾಜ್ಯದೊಳಗಿನ ಆಡಳಿತ ಘಟಕ) ಇದ್ದದ್ದು ಎರಡೇ ಶಾಲೆಗಳು, ಮತ್ತು ಎರಡೂ ಜನಾಂಗದವರು ಕೌಂಟಿಯ ತುಂಬ ಬೆರೆತು ವಾಸಿಸುತ್ತಿದ್ದರು. ಹಾಗಿದ್ದರೂ ಯೋಜನೆ ಜಾರಿಯಲ್ಲಿದ್ದ ಮೂರು ವರ್ಷಗಳಲ್ಲಿ ಒಂದು ಬಿಳಿಯ ಮಗುವೂ ಕಪ್ಪು ಮಕ್ಕಳ ಶಾಲೆಯನ್ನು ಆರಿಸಲಿಲ್ಲ, ಶೇಕಡಾ 85ರಷ್ಟು ಕಪ್ಪು ಮಕ್ಕಳು ತಮ್ಮ ಹಳೆಯ ಶಾಲೆಯಲ್ಲೇ ಉಳಿದರು. 1968ರಲ್ಲಿ ಸುಪ್ರೀಂ ಕೋರ್ಟ್ ಈ ಯೋಜನೆಯನ್ನು ತಳ್ಳಿಹಾಕಿ, ಎರಡು ಬಗೆಯ ಶಾಲೆಗಳ ವ್ಯವಸ್ಥೆಯನ್ನು ಬೇರುಸಹಿತ ಕೀಳುವುದು ಮಂಡಳಿಯದೇ ಕರ್ತವ್ಯ, ಈಗಲೇ ಫಲ ಕೊಡುವ ಯೋಜನೆಯನ್ನು ಅದು ಮುಂದಿಡಬೇಕು ಎಂದು ಆದೇಶಿಸಿತು. 1955ರಿಂದ ಕಪ್ಪು ಕುಟುಂಬಗಳ ಹೆಗಲ ಮೇಲಿದ್ದ ಹೊರೆ ಆ ದಿನ ಮಂಡಳಿಗಳ ಮೇಲೆ ಬಿತ್ತು. 1969ರಲ್ಲಿ ಮಿಸಿಸಿಪ್ಪಿಯ ಶಾಲಾ ಜಿಲ್ಲೆಗಳು ಮತ್ತಷ್ಟು ಕಾಲಾವಕಾಶ ಕೇಳಿದಾಗ ಇನ್ನು ವಿಳಂಬವಿಲ್ಲ, ತಕ್ಷಣ ಎಂಬ ಉತ್ತರ ಸಿಕ್ಕಿತು. 1970ರ ದಶಕದ ಆರಂಭದ ಹೊತ್ತಿಗೆ ದಕ್ಷಿಣದ ಶಾಲೆಗಳು ಉತ್ತರದವುಗಳಿಗಿಂತ ಹೆಚ್ಚು ಬೆರೆತಿದ್ದವು. ಆದ್ದರಿಂದ ನಿಮ್ಮ ಮೂರು ಆಯ್ಕೆಗಳಲ್ಲಿ ಒಂದನ್ನೇ ಹಿಡಿಯುವುದಕ್ಕಿಂತ, ಹಣ ಮತ್ತು ನ್ಯಾಯಾಲಯ ಒಂದೇ ದಿಕ್ಕಿನಲ್ಲಿ ನಡೆದ ಆ ನಾಲ್ಕೈದು ವರ್ಷಗಳನ್ನೇ ನಾನು ಉತ್ತರವೆಂದು ಕೊಡುತ್ತೇನೆ.

ಎರಡನೆಯ ಉತ್ತರ

ಮೇಲಿನವರು ಬರೆದದ್ದು ಸರಿಯಾಗಿದೆ. ಆದರೆ ಅದನ್ನಷ್ಟೇ ಓದಿದವರಿಗೆ ಎಲ್ಲವೂ ವಾಷಿಂಗ್ಟನ್‌ನಿಂದ ಆರಂಭವಾಯಿತು ಎನ್ನಿಸಬಹುದು. ಬ್ರೌನ್ ಎಂಬ ಹೆಸರಿನಲ್ಲಿ ತೀರ್ಮಾನವಾದದ್ದು ಬೇರೆಬೇರೆ ರಾಜ್ಯಗಳಿಂದ ಬಂದ ಪ್ರಕರಣಗಳ ಸಮೂಹ, ಮತ್ತು ಅವುಗಳಲ್ಲಿ ಎರಡನ್ನಾದರೂ ಹುಟ್ಟಿದ ಜಾಗದಿಂದಲೇ ತಿಳಿಯಬೇಕು.

ದಕ್ಷಿಣ ಕೆರೊಲಿನಾದ ಕ್ಲಾರೆಂಡನ್ ಕೌಂಟಿಯಲ್ಲಿ ಪೋಷಕರು ಮೊದಲು ಕೇಳಿದ್ದು ಒಂದು ಶಾಲಾ ಬಸ್ಸನ್ನು. ಬಿಳಿಯ ಮಕ್ಕಳಿಗೆ ಬಸ್ಸುಗಳಿದ್ದವು, ಕಪ್ಪು ಮಕ್ಕಳು ಮೈಲುಗಟ್ಟಲೆ ನಡೆಯುತ್ತಿದ್ದರು. 1949–50ರ ಸಾಲಿನಲ್ಲಿ ಅಲ್ಲಿ ಪ್ರತಿ ಬಿಳಿಯ ಮಗುವಿಗೆ 179 ಡಾಲರ್, ಪ್ರತಿ ಕಪ್ಪು ಮಗುವಿಗೆ 43 ಡಾಲರ್ ಖರ್ಚಾಗುತ್ತಿತ್ತು. ಮನವಿಗೆ ಸಹಿ ಹಾಕಿದ ಹ್ಯಾರಿ ಬ್ರಿಗ್ಸ್ ಪೆಟ್ರೋಲ್ ಬಂಕಿನ ಕೆಲಸ ಕಳೆದುಕೊಂಡರು, ಅವರ ಹೆಂಡತಿ ಎಲೈಜಾ ಕೂಡ ಕೆಲಸದಿಂದ ಹೊರಬಿದ್ದರು. ಜನರನ್ನು ಸಂಘಟಿಸಿದ ಪಾದ್ರಿ ಜೋಸೆಫ್ ಡಿಲೇನ್ ಅವರ ಮನೆ ಸುಟ್ಟುಹೋಯಿತು, ಕೊನೆಗೆ ಅವರು ರಾಜ್ಯವನ್ನೇ ಬಿಡಬೇಕಾಯಿತು. 1951ರಲ್ಲಿ ಅಲ್ಲಿನ ಪೀಠದಲ್ಲಿದ್ದ ನ್ಯಾಯಾಧೀಶ ವೇಟೀಸ್ ವೇರಿಂಗ್, ಪ್ರತ್ಯೇಕತೆಯೇ ಅಸಮಾನತೆ ಎಂದು ಭಿನ್ನ ತೀರ್ಪು ಬರೆದರು. ಸುಪ್ರೀಂ ಕೋರ್ಟ್ ಅದೇ ಮಾತಿಗೆ ಬಂದದ್ದು ಮೂರು ವರ್ಷಗಳ ನಂತರ.

ವರ್ಜೀನಿಯಾದ ಪ್ರಿನ್ಸ್ ಎಡ್ವರ್ಡ್ ಕೌಂಟಿಯ ಫಾರ್ಮ್‌ವಿಲ್‌ನಲ್ಲಿ ದಾರಿ ತೋರಿದವರು ವಿದ್ಯಾರ್ಥಿಗಳೇ. ಸುಮಾರು 180 ಮಕ್ಕಳಿಗೆಂದು ಕಟ್ಟಿದ ಮೋಟನ್ ಹೈಸ್ಕೂಲಿನಲ್ಲಿ 450ಕ್ಕೂ ಹೆಚ್ಚು ಮಕ್ಕಳಿದ್ದರು. ಉಳಿದವರಿಗೆ ಡಾಂಬರು ಕಾಗದ ಹೊದಿಸಿದ, ಮಳೆ ಬಂದರೆ ಸೋರುವ ಷೆಡ್ಡುಗಳೇ ತರಗತಿಗಳಾಗಿದ್ದವು. 1951ರ ಏಪ್ರಿಲ್ 23ರಂದು ಹದಿನಾರು ವರ್ಷದ ಬಾರ್ಬರಾ ಜಾನ್ಸ್ ಎಲ್ಲರನ್ನೂ ಸಭಾಂಗಣಕ್ಕೆ ಕರೆಸಿ, ಮುಷ್ಕರಕ್ಕೆ ನಡೆಯೋಣ ಎಂದಳು. ನೆರವಿಗೆ ಬಂದ ವಕೀಲರಾದ ಆಲಿವರ್ ಹಿಲ್ ಮತ್ತು ಸ್ಪಾಟ್ಸ್‌ವುಡ್ ರಾಬಿನ್ಸನ್, ಹೊಸ ಕಟ್ಟಡಕ್ಕಾಗಿ ಅಲ್ಲ, ಪ್ರತ್ಯೇಕತೆಯನ್ನೇ ಕೊನೆಗಾಣಿಸಲು ದಾವೆ ಹೂಡುವುದಾದರೆ ಮಾತ್ರ ನಾವು ಸಿದ್ಧ ಎಂದರು. ಮಕ್ಕಳೂ ಪೋಷಕರೂ ಒಪ್ಪಿದರು.

ಅದೇ ಕೌಂಟಿ ಮುಂದೆ ತೀರಿಸಿಕೊಂಡ ಸೇಡು ನನ್ನನ್ನು ಈಗಲೂ ಕಲಕುತ್ತದೆ. 1959ರಲ್ಲಿ ನ್ಯಾಯಾಲಯದ ಆದೇಶವನ್ನು ಪಾಲಿಸಬೇಕಾಗಿ ಬಂದಾಗ ಕೌಂಟಿಯ ಆಡಳಿತ ಶಾಲೆಗಳಿಗೆ ಹಣ ಕೊಡುವುದನ್ನೇ ನಿಲ್ಲಿಸಿ ಎಲ್ಲ ಸರ್ಕಾರಿ ಶಾಲೆಗಳನ್ನೂ ಮುಚ್ಚಿತು. ಬಿಳಿಯ ಮಕ್ಕಳಿಗಾಗಿ ಖಾಸಗಿ ಅಕಾಡೆಮಿ ಎದ್ದುನಿಂತಿತು, ಅದರ ಶುಲ್ಕಕ್ಕೆ ಸಾರ್ವಜನಿಕ ಹಣದ ನೆರವೂ ಸ್ವಲ್ಪ ಕಾಲ ಸಿಕ್ಕಿತು. ಕಪ್ಪು ಮಕ್ಕಳಲ್ಲಿ ಕೆಲವರು ಬೇರೆ ಊರಿನ ನೆಂಟರ ಮನೆಗೆ ಹೋದರು, ಕೆಲವರು ಕ್ವೇಕರ್ ಎಂಬ ಕ್ರೈಸ್ತ ಪಂಥದ ಸಂಸ್ಥೆಯೊಂದರ ಸಹಾಯದಿಂದ ಹೊರರಾಜ್ಯಗಳಲ್ಲಿ ಓದಿದರು, ಕೆಲವರು ಚರ್ಚುಗಳಲ್ಲಿ ನಡೆದ ಪಾಠಗಳಿಗೆ ಹೋದರು, ಮತ್ತು ಬಹಳಷ್ಟು ಮಂದಿ ಓದನ್ನೇ ಬಿಟ್ಟರು. 1964ರಲ್ಲಿ ಸುಪ್ರೀಂ ಕೋರ್ಟ್ ಶಾಲೆಗಳನ್ನು ತೆರೆಸುವ ಹೊತ್ತಿಗೆ ಐದು ವರ್ಷ ಕಳೆದಿತ್ತು. ಎಂಟು ವರ್ಷದ ಮಗುವಿಗೆ ಹದಿಮೂರಾಗಿತ್ತು. ವಿಳಂಬ ಎಂಬ ಮಾತನ್ನು ನಾವು ಬಳಸುವಾಗ ಈ ಲೆಕ್ಕವನ್ನು ಮರೆಯಬಾರದು ಎಂದು ನನಗನ್ನಿಸುತ್ತದೆ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಕೃತಜ್ಞತೆಗಳು. ಪ್ರಿನ್ಸ್ ಎಡ್ವರ್ಡ್‌ನ ಸಂಗತಿ ನನಗೆ ತಿಳಿದೇ ಇರಲಿಲ್ಲ. ಮತ್ತೆರಡು ಸಂದೇಹಗಳು ಹುಟ್ಟಿವೆ. ಕಪ್ಪು ಮಕ್ಕಳ ಶಾಲೆಗಳಲ್ಲಿ ಪಾಠ ಮಾಡುತ್ತಿದ್ದ ಶಿಕ್ಷಕರು ಏನಾದರು? ಇಂತಹ ಕಾನೂನುಗಳೇ ಇಲ್ಲದ ಉತ್ತರದ ನಗರಗಳಲ್ಲಿ ಶಾಲೆಗಳು ಬೆರೆಯದೆ ಉಳಿದದ್ದೇಕೆ?

ಮೂರನೆಯ ಉತ್ತರ

ಶಿಕ್ಷಕರ ವಿಷಯವನ್ನು ಎತ್ತಿದ್ದು ಒಳ್ಳೆಯದಾಯಿತು. ಬೇರೆ ವೃತ್ತಿಗಳ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಕಪ್ಪು ಸಮುದಾಯದ ಹೆಚ್ಚು ಓದಿದವರಲ್ಲಿ ಅನೇಕರು, ವಿಶೇಷವಾಗಿ ಮಹಿಳೆಯರು, ಶಿಕ್ಷಕ ವೃತ್ತಿಗೆ ಬರುತ್ತಿದ್ದರು. ಶಾಲೆಗಳು ಒಂದಾಗುವಾಗ ಸಾಮಾನ್ಯವಾಗಿ ಮುಚ್ಚಿಹೋದದ್ದು ಕಪ್ಪು ಮಕ್ಕಳ ಶಾಲೆ. ಅದರ ಮುಖ್ಯೋಪಾಧ್ಯಾಯರು ಕೆಳಗಿನ ಹುದ್ದೆಗೆ ಇಳಿದರು ಇಲ್ಲವೇ ಮನೆಗೆ ಹೋದರು. ಬ್ರೌನ್ ಕುಟುಂಬದ ಊರಾದ ಕನ್ಸಾಸ್‌ನ ಟೊಪೀಕಾದಲ್ಲಿ ತೀರ್ಪಿಗೆ ಒಂದು ವರ್ಷ ಮೊದಲೇ, 1953ರಲ್ಲಿ, ಕೆಲವು ಕಪ್ಪು ಶಿಕ್ಷಕಿಯರಿಗೆ ಮುಂದಿನ ವರ್ಷ ನಿಮ್ಮ ಸೇವೆ ಮುಂದುವರಿಯದಿರಬಹುದು ಎಂಬ ಪತ್ರ ಶಾಲಾ ಆಡಳಿತದಿಂದ ಹೋಗಿತ್ತು. ದಕ್ಷಿಣದಲ್ಲಿ ಕೆಲಸ ಕಳೆದುಕೊಂಡವರ ಸಂಖ್ಯೆ ಸಾವಿರಗಳ ಲೆಕ್ಕದಲ್ಲಿತ್ತು. ಮಕ್ಕಳು ಹೊಸ ಶಾಲೆಗೆ ಹೋದಾಗ ಅವರನ್ನು ಬಲ್ಲ, ಅವರ ಮೇಲೆ ಭರವಸೆಯಿಟ್ಟಿದ್ದ ಶಿಕ್ಷಕರು ಅವರ ಜೊತೆ ಹೋಗಲಾಗಲಿಲ್ಲ. ಆ ನಷ್ಟವನ್ನು ಇಂದಿಗೂ ಯಾರೂ ತುಂಬಿಕೊಟ್ಟಿಲ್ಲ.

ಉತ್ತರದ ವಿಷಯದಲ್ಲಿ, ಶಾಲೆಯ ಗೇಟಿನಲ್ಲಿ ಫಲಕವಿರಲಿಲ್ಲ, ಆದರೆ ಯಾವ ಬೀದಿಯ ಮಗು ಯಾವ ಶಾಲೆಗೆ ಎಂದು ಎಳೆಯುವ ಗಡಿರೇಖೆ ಇತ್ತು. ಮನೆ ಸಾಲಕ್ಕೆ ಸರ್ಕಾರಿ ಖಾತರಿ ಕೊಡುವಲ್ಲಿ ಕಪ್ಪು ಜನರ ಬಡಾವಣೆಗಳನ್ನು ಹೊರಗಿಟ್ಟ ನೀತಿಯೂ, ಮನೆ ಮಾರಲು ಒಪ್ಪದ ನೆರೆಹೊರೆಯೂ ಸೇರಿ ಬಡಾವಣೆಗಳನ್ನು ಬೇರ್ಪಡಿಸಿದ್ದವು; ಶಾಲೆಗಳ ಗಡಿ ಆ ಬೇರ್ಪಡೆಯನ್ನೇ ಅನುಸರಿಸಿತು. 1964ರ ಫೆಬ್ರುವರಿ 3ರಂದು ನ್ಯೂಯಾರ್ಕ್ ನಗರದಲ್ಲಿ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳು ಇದನ್ನು ಪ್ರತಿಭಟಿಸಿ ಶಾಲೆಗೆ ಹೋಗಲಿಲ್ಲ. ಅದೇ ವರ್ಷದ ಕಾಯ್ದೆ ಮಾತ್ರ, ಕೇವಲ ಜನಾಂಗೀಯ ಅಸಮತೋಲನವನ್ನು ಸರಿಪಡಿಸಲು ಮಕ್ಕಳನ್ನು ಹಂಚುವುದು ತನ್ನ ಉದ್ದೇಶವಲ್ಲ ಎಂದು ಸ್ಪಷ್ಟವಾಗಿ ಬರೆದುಕೊಂಡಿತ್ತು. ಉತ್ತರದ ಪ್ರತಿನಿಧಿಗಳ ಮತ ಬೇಕಿತ್ತು ಎಂಬುದೇ ಇದಕ್ಕೆ ಕಾರಣವೆಂದು ನನ್ನ ಅಭಿಪ್ರಾಯ.

ಎರಡು ನಗರಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಉಳಿದದ್ದು ಅರ್ಥವಾಗುತ್ತದೆ. ಉತ್ತರ ಕೆರೊಲಿನಾದ ಷಾರ್ಲೆಟ್‌ನಲ್ಲಿ ಶಾಲಾ ಜಿಲ್ಲೆ ನಗರವನ್ನೂ ಸುತ್ತಲಿನ ಇಡೀ ಕೌಂಟಿಯನ್ನೂ ಒಳಗೊಂಡಿತ್ತು. ಆದ್ದರಿಂದ 1971ರಲ್ಲಿ ಸುಪ್ರೀಂ ಕೋರ್ಟ್ ಬಸ್ಸುಗಳ ಮೂಲಕ ಮಕ್ಕಳನ್ನು ಬೆರೆಸುವ ಯೋಜನೆಯನ್ನು ಎತ್ತಿಹಿಡಿದಾಗ ನಗರ ಬಿಟ್ಟು ಹೊರವಲಯಕ್ಕೆ ಹೋದ ಕುಟುಂಬಗಳಿಗೂ ಅದು ಅನ್ವಯಿಸಿತು. ಡೆಟ್ರಾಯಿಟ್‌ನ ಶಾಲಾ ಜಿಲ್ಲೆ ನಗರದ ಗಡಿಯಲ್ಲೇ ನಿಂತಿತ್ತು. ನಗರದೊಳಗೆ ಬೆರೆಸಲು ಸಾಕಷ್ಟು ಬಿಳಿಯ ಮಕ್ಕಳು ಉಳಿದಿರಲಿಲ್ಲವಾದ್ದರಿಂದ ಕೆಳಹಂತದ ನ್ಯಾಯಾಧೀಶರು ಸುತ್ತಲಿನ 53 ಜಿಲ್ಲೆಗಳನ್ನೂ ಸೇರಿಸಿದ ಯೋಜನೆಗೆ ಆದೇಶಿಸಿದರು. 1974ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಐದು ಮತ್ತು ನಾಲ್ಕರ ಅಂತರದಲ್ಲಿ ಅದನ್ನು ರದ್ದುಪಡಿಸಿ, ಹೊರವಲಯದ ಜಿಲ್ಲೆಗಳು ತಪ್ಪು ಮಾಡಿದ್ದಕ್ಕೆ ಪುರಾವೆಯಿಲ್ಲದೆ ಅವುಗಳನ್ನು ಎಳೆದುತರಲಾಗದು ಎಂದಿತು. ಭಿನ್ನಮತ ತಳೆದ ನಾಲ್ವರಲ್ಲಿ, ಇಪ್ಪತ್ತು ವರ್ಷಗಳ ಹಿಂದೆ ಅದೇ ನ್ಯಾಯಾಲಯದಲ್ಲಿ ಮಕ್ಕಳ ಪರ ವಾದಿಸಿ ಗೆದ್ದಿದ್ದ ಥರ್ಗುಡ್ ಮಾರ್ಷಲ್ ಒಬ್ಬರು. ಆ ತೀರ್ಪಿನ ನಂತರ ಉತ್ತರದಲ್ಲಿ ನಗರದ ಗಡಿ ದಾಟಿ ಮನೆ ಮಾಡಬಲ್ಲ ಕುಟುಂಬಗಳನ್ನು ಯಾವ ಯೋಜನೆಯೂ ಸುಲಭವಾಗಿ ತಲುಪುವಂತಿರಲಿಲ್ಲ. ಷಾರ್ಲೆಟ್‌ನ ವ್ಯವಸ್ಥೆ ಮಾತ್ರ ಸುಮಾರು ಮೂವತ್ತು ವರ್ಷ ನಡೆದು, 2000ರ ನಂತರದ ಮೊದಲ ವರ್ಷಗಳಲ್ಲಿ ನ್ಯಾಯಾಲಯದ ಮೇಲ್ವಿಚಾರಣೆ ಮುಗಿದಾಗ ನಿಂತುಹೋಯಿತು.