ಮಳೆಗಾಲದಲ್ಲಿ ಕುದುರೆಮುಖ ದಾರಿ: ಬೈಕಲ್ಲಿ ಹೋಗಿಬಂದವರು ಹೇಳಿ

ಪ್ರಶ್ನೆ: ನಮ್ಮದು ಉಡುಪಿ. ಅಪ್ಪನ ಆಪರೇಷನ್ ಸಮಯದಲ್ಲಿ ಅಮ್ಮ ಹೊರನಾಡಿಗೆ ಹರಕೆ ಹೇಳಿಕೊಂಡಿದ್ದರು. ಜುಲೈ ಕೊನೆಗೆ ನಾನು, ಹೆಂಡತಿ 150 ಸಿಸಿ ಬೈಕಲ್ಲಿ ಕಾರ್ಕಳ, ಬಜಗೋಳಿ, ಕುದುರೆಮುಖ, ಕಳಸ ಅಂತ ಹೋಗುವ ಯೋಚನೆ ಉಂಟು. ಬೇಸಿಗೆಯಲ್ಲಿ ಎರಡು ಸಲ ಹೋಗಿದ್ದೇನೆ, ಮಳೆಯಲ್ಲಿ ಇಲ್ಲ. ಹೋಗಬಹುದಾ?

ಕಾರ್ಕಳದಿಂದ: ಹೋಗಬಹುದು, ಆದರೆ ಮಂಜಿನ ಲೆಕ್ಕ ಇಟ್ಟುಕೊಂಡು ಹೊರಡಿ. ಮಳೆ ಹೇಗೋ ಅಭ್ಯಾಸ ಆಗುತ್ತದೆ, ಮಂಜು ಆಗುವುದಿಲ್ಲ. ನಾನು ಜುಲೈಯಲ್ಲಿ ಕಳಸದ ನೆಂಟರ ಮನೆಗೆ ಹೊರಟಿದ್ದೆ. ಮಾಳದ ಫಾರೆಸ್ಟ್ ಗೇಟಿನವರೆಗೆ ಸಾಧಾರಣ ಮಳೆ. ಘಾಟಿ ಹತ್ತಿ ಐದಾರು ತಿರುವು ದಾಟುವಷ್ಟರಲ್ಲಿ ಬೈಕಿನ ಮುಂದಿನ ಚಕ್ರ ಬಿಟ್ಟರೆ ಬೇರೇನೂ ಕಾಣಲಿಲ್ಲ. ಹೆಲ್ಮೆಟ್ ಗಾಜಿನ ಹೊರಗೆ ನೀರು, ಒಳಗೆ ಉಸಿರಿನ ಆವಿ. ಗಾಜು ಎತ್ತಿದರೆ ಹನಿಗಳು ಕಣ್ಣಿಗೆ ಸೂಜಿ ಚುಚ್ಚಿದ ಹಾಗೆ. ಗಾಬರಿಯಲ್ಲಿ ಹೈಬೀಮ್ ಹಾಕಿದೆ, ಎದುರು ಬಿಳಿ ಗೋಡೆಯೇ ಎದ್ದು ನಿಂತಿತು. ಡಿಮ್ ಮಾಡಿದ ಮೇಲೆ ರಸ್ತೆಯಂಚು ಸ್ವಲ್ಪ ಕಂಡಿತು. ಅದನ್ನೇ ಹಿಡಿದು ಎರಡನೇ ಗೇರಲ್ಲಿ ಹತ್ತಿದೆ. ದಾರಿ ಎರಡಾಗುವ ಎಸ್.ಕೆ. ಬಾರ್ಡರಲ್ಲಿ (ಹಳೆಯ ಸೌತ್ ಕೆನರಾ ಜಿಲ್ಲೆಯ ಗಡಿ) ಬೋರ್ಡ್ ಕಾಣದೆ ಎಡಕ್ಕೆ, ಕೆರೆಕಟ್ಟೆ ಶೃಂಗೇರಿ ಕಡೆಗೆ ಹೋಗಿಬಿಟ್ಟು ವಾಪಸ್ ಬಂದೆ. ನೀವು ಬಲಕ್ಕೆ ತಿರುಗಬೇಕು, ನೆನಪಿಟ್ಟುಕೊಳ್ಳಿ.

ಇನ್ನೊಂದು ವಿಷಯ. ಕುದುರೆಮುಖ ನ್ಯಾಷನಲ್ ಪಾರ್ಕಿನ ಒಳಗೆ ಎಲ್ಲೆಂದರಲ್ಲಿ ನಿಲ್ಲಿಸುವ ಹಾಗಿಲ್ಲ, ಗೇಟಲ್ಲಿ ಹೊತ್ತು ಬರೆದ ಚೀಟಿ ಕೊಡುತ್ತಾರೆ. ಹಾಗಾಗಿ ರೈನ್‌ಕೋಟ್ ಹಾಕುವುದು, ಚಾ ಕುಡಿಯುವುದು, ಮನೆಗೆ ಫೋನ್ ಮಾಡುವುದು ಎಲ್ಲ ಗೇಟಿಗೆ ಮೊದಲೇ ಮುಗಿಯಲಿ. ಚೀಟಿಯನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಇಡಿ. ನನ್ನದು ಪ್ಯಾಂಟಿನ ಜೇಬಲ್ಲೇ ಮುದ್ದೆಯಾಗಿತ್ತು. ಆಚೆ ಗೇಟಲ್ಲಿ ಅಂಗೈ ಮೇಲೆ ಬಿಡಿಸಿದರೆ ಶಾಯಿ ಕರಗಿ ಒಂದು ಅಕ್ಷರ ಉಳಿದಿರಲಿಲ್ಲ.

ಬೈಕ್ ರಿಪೇರಿ ಮಾಡುವವನು: ಟೈರಿನ ಗೆರೆ ಸವೆದಿದ್ದರೆ ಈ ಟ್ರಿಪ್ಪೇ ಬೇಡ ಅಣ್ಣ. ಮರದ ನೆರಳಿನ ತಿರುವುಗಳಲ್ಲಿ ಪಾಚಿ ಹಿಡಿದಿರುತ್ತದೆ, ಅಲ್ಲಿ ಬೈಕ್ ವಾಲಿಸಿಕೊಂಡು ಮುಂದಿನ ಬ್ರೇಕ್ ಹಿಡಿದರೆ ಚಕ್ರ ಜಾರಿಯೇ ಜಾರುತ್ತದೆ. ತಿರುವಿಗೆ ಮೊದಲೇ ವೇಗ ಇಳಿಸಿ. ನೀರು ದಾಟಿದ ಮೇಲೆ ಬ್ರೇಕ್ ಎರಡು ಸಲ ಮೆಲ್ಲ ಒತ್ತಿ, ಒಳಗಿನ ನೀರು ಹೋಗಲಿ. ಬಜಗೋಳಿಯಲ್ಲೇ ಟ್ಯಾಂಕ್ ತುಂಬಿಸಿ. ಕುದುರೆಮುಖ ಪೇಟೆಯಲ್ಲಿ ಪಂಕ್ಚರ್ ಹಾಕಿಸೋಣ ಅಂತ ನಂಬಿ ಹೋಗಬೇಡಿ, 2005ರ ಕೊನೆಗೆ ಗಣಿ ನಿಂತ ಮೇಲೆ ಆ ಊರಲ್ಲಿ ಜನವೇ ಕಡಿಮೆ.

ಹೆಲ್ಮೆಟ್ ಗಾಜಿನ ಒಳಬದಿಗೆ ಒಣ ಸಾಬೂನು ತೆಳ್ಳಗೆ ಉಜ್ಜಿ, ಒಣ ಬಟ್ಟೆಯಲ್ಲಿ ಒರೆಸಿ. ಆವಿ ಅಷ್ಟು ಬೇಗ ಕೂರುವುದಿಲ್ಲ.

ಹಿಂದಿನ ಸೀಟಲ್ಲಿ ಹೋದವಳು: ನಿಮ್ಮ ಹೆಂಡತಿಯ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ದೇವಸ್ಥಾನಕ್ಕೆ ಅಂತ ಸೀರೆ ಉಟ್ಟು ಹೊರಡಿಸಬೇಡಿ. ಸೆರಗು, ವೇಲು ಎರಡೂ ಚಕ್ರಕ್ಕೆ ಸಿಕ್ಕುವ ವಸ್ತುಗಳು. ಸೀರೆ ಎರಡು ಸುತ್ತು ಪ್ಲಾಸ್ಟಿಕ್ಕಲ್ಲಿ ಕಟ್ಟಿ ಬ್ಯಾಗಲ್ಲಿ ಇಡಿ, ಹೊರನಾಡಲ್ಲಿ ಉಡಬಹುದು. ಮೈಗೆ ಹೊದೆಯುವ ಗೌನಿನಂಥ ರೈನ್‌ಕೋಟ್ ಗಾಳಿಗೆ ಹಾರುತ್ತದೆ, ಪ್ಯಾಂಟ್ ಶರ್ಟ್ ಥರದ್ದೇ ಬೇಕು. ಮುಂದೆ ಕೂತವರಿಗಿಂತ ಹಿಂದಿನವರಿಗೆ ಚಳಿ ಬೇಗ ಹತ್ತುತ್ತದೆ, ಯಾಕೆಂದರೆ ಅವರಿಗೆ ಮಾಡಲು ಕೆಲಸ ಇಲ್ಲ. ನಮ್ಮವರು ಆಗಾಗ "ಕೈ ಮರಗಟ್ಟಿತಾ?" ಅಂತ ಕೇಳುತ್ತಿದ್ದರು. ಅಷ್ಟು ಕೇಳಿದರೂ ಧೈರ್ಯ ಬರುತ್ತದೆ.

ಕಳಸದಿಂದ: ಹೊರಡುವ ದಿನ ಬೆಳಗ್ಗೆ ಕಳಸದಲ್ಲಿ ಗುರುತಿನವರಿಗೆ ಒಂದು ಫೋನ್ ಮಾಡಿ, ಇಲ್ಲದಿದ್ದರೆ ದೇವಸ್ಥಾನಕ್ಕೆ ಮಾಡಿ. ಕೇಳಬೇಕಾದ್ದು ಒಂದೇ, ಕಳಸದಿಂದ ಹೊರನಾಡಿಗೆ ಹೋಗಲು ಭದ್ರಾ ಹೊಳೆ ದಾಟುವ ಹೆಬ್ಬಾಳೆ ಸೇತುವೆ ಮುಳುಗಿದೆಯಾ ಅಂತ. ಭದ್ರೆ ಹುಟ್ಟುವುದೇ ಈ ಕಾಡಿನ ಗಂಗಾಮೂಲದಲ್ಲಿ. ಕಳಸದಲ್ಲಿ ಬಿಸಿಲು ಕಂಡರೂ ಮೇಲೆ ಗುಡ್ಡದಲ್ಲಿ ರಾತ್ರಿ ಹೊಡೆದಿದ್ದರೆ ಹೊಳೆ ಏರುತ್ತದೆ. ಸೇತುವೆ ಮೇಲೆ ಪಾದ ಮುಳುಗುವಷ್ಟೇ ನೀರು ಅಂತ ಬೈಕ್ ಇಳಿಸಬೇಡಿ, ದಯವಿಟ್ಟು. ಕೆಂಪು ನೀರಲ್ಲಿ ಸೇತುವೆಯ ಅಂಚು ಕಾಣುವುದಿಲ್ಲ, ಸೆಳೆತ ಬೇರೆ. ನೀರು ಇಳಿಯಲಿ, ಅಲ್ಲಿವರೆಗೆ ಕಳಸೇಶ್ವರನ ದರ್ಶನ ಮಾಡಿ ಕಾಯಿರಿ.

ವಾಪಸ್ ಹೊರಡುವಾಗ ಊಟ ಆದ ಕೂಡಲೇ ಹೊರಡಿ. ಸಂಜೆ ನಾಲ್ಕಕ್ಕೇ ಕತ್ತಲೆ ಕವಿಯುತ್ತದೆ, ಕಾಟಿ (ಕಾಡುಕೋಣ), ಕಡವೆ ರಸ್ತೆಗೆ ಬರುತ್ತವೆ. ಕಾಟಿ ಎದುರಾದರೆ ಹಾರ್ನ್ ಹೊಡೆಯಬೇಡಿ, ದೂರದಲ್ಲೇ ನಿಂತು ಅದಕ್ಕೆ ದಾರಿ ಬಿಡಿ.

ಪ್ರಶ್ನೆ ಕೇಳಿದವನು: ಎಲ್ಲರಿಗೂ ತುಂಬ ಥ್ಯಾಂಕ್ಸ್. ಹಿಂದಿನ ಟೈರ್ ನೋಡಿದೆ, ಸವೆದಿದೆ. ನಾಳೆಯೇ ಹೊಸದು ಹಾಕಿಸುತ್ತೇನೆ. ಹೆಂಡತಿಗೆ ಅಕ್ಕ ಬರೆದದ್ದನ್ನು ಓದಿ ಹೇಳಿದೆ, ಆಗಲೇ ಸೀರೆ ಕಟ್ಟಲು ಪ್ಲಾಸ್ಟಿಕ್ ಹುಡುಕುತ್ತಿದ್ದಾಳೆ. ಬೆಳಗ್ಗೆ ಕಳಸಕ್ಕೆ ಫೋನ್ ಮಾಡುತ್ತೇವೆ. ಸೇತುವೆ ಮುಳುಗಿದೆ ಅಂದರೆ ಹರಕೆ ಶ್ರಾವಣಕ್ಕೆ, ಅಮ್ಮನೂ ಒಪ್ಪಿದ್ದಾರೆ.