ಕೀಮೋ ನಡುವೆ ಅವ್ವನನ್ನು ಎಷ್ಟು ನಡೆಸಬೇಕು?

ಕೇಳಿದವರು, ಕಲಬುರಗಿ: ಅವ್ವನಿಗೆ 58 ವರ್ಷ, ಸ್ತನ ಕ್ಯಾನ್ಸರ್. ಆಪರೇಷನ್ ಆಗಿದೆ, ಮೂರು ಕೀಮೋ ಮುಗಿದಿವೆ. ಡಾಕ್ಟರು ದಿನಾ ನಡೀರಿ ಅಂದಿದ್ದಾರೆ. ಮನೆಗೆ ಬಂದವರೆಲ್ಲ ಹಾಸಿಗೆ ಬಿಟ್ಟು ಏಳಬೇಡ ಅಂತಾರೆ. ಅವ್ವ "ಜೀವನವೆಲ್ಲ ತೊಗರಿ ಹೊಲದಲ್ಲಿ ದುಡಿದೆ, ನನಗ್ಯಾಕೆ ಬಂತು" ಅಂತ ಅಳುತ್ತಾಳೆ. ಅನುಭವ ಇದ್ದವರು ಹೇಳಿ.

ಅದೇ ಕಾಯಿಲೆ ದಾಟಿ ಬಂದವಳು, ಕಲಬುರಗಿ: ತಂಗಿ, ಮೊದಲೆರಡು ಕೀಮೋದಲ್ಲಿ ನಾನೂ ಸುಮ್ನೆ ಮಲಗೇ ಇದ್ದೆ. ಮಲಗಿದಷ್ಟೂ ಸುಸ್ತು ಜಾಸ್ತಿಯಾಯಿತು. ಬಚ್ಚಲಿಗೆ ಹೋಗಿ ಬಂದರೂ ಕಾಲು ನಡುಗುತ್ತಿದ್ದವು. ಆಮೇಲೆ ಅಂಗಳದಲ್ಲೇ ಐದು ನಿಮಿಷ ಶುರು ಮಾಡಿದೆ, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಕೀಮೋ ಆದ ಮೂರು ನಾಲ್ಕನೇ ದಿನ ನನಗೆ ಮೈ ಏಳುತ್ತಲೇ ಇರಲಿಲ್ಲ. ಆ ದಿನ ಬಾಗಿಲ ತನಕ ಹೋದರೂ ಸಾಕು. ಎರಡು ತಿಂಗಳಿಗೆ ಅಪ್ಪನ ಕೆರೆ ದಂಡೆಯಲ್ಲಿ 20 ನಿಮಿಷ ನಡೆಯುವಂತಾದೆ. ಬೇಸಿಗೆಯಲ್ಲಿ ಏಳರೊಳಗೆ ಮನೆಗೆ ಬಂದುಬಿಡಿ, ನಮ್ಮೂರ ಬಿಸಿಲು ಗೊತ್ತಲ್ವಾ.

ಕೈ ಮರೆಯಬೇಡಿ. ಆಪರೇಷನ್ ಆದ ಕಡೆಯ ಕೈ ಎತ್ತದೆ ಬಿಟ್ಟರೆ ಭುಜ ಹಿಡಿದುಕೊಳ್ಳುತ್ತದೆ. ನಾನು ಗೋಡೆಗೆ ಮುಖ ಮಾಡಿ ನಿಂತು ಬೆರಳುಗಳನ್ನು ಮೇಲೆ ಸರಿಸುತ್ತಿದ್ದೆ. ಮುಟ್ಟಿದಲ್ಲಿ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದೆ. ಭಾರ ಎತ್ತಲೇಬಾರದು ಅಂತಲ್ಲ. ಫಿಸಿಯೋಥೆರಪಿಯವರನ್ನು ಕೇಳಿ ಅರ್ಧ ಲೀಟರ್ ನೀರಿನ ಬಾಟಲಿಯಿಂದ ಶುರು ಮಾಡಿದೆ. ಒಮ್ಮೆಲೇ ತುಂಬಿದ ಕೊಡ ಬೇಡ. ಆ ಕೈಯ ಬಳೆ ಬಿಗಿಯಾದರೆ ಬಾವು ಬರುತ್ತಿರಬಹುದು, ತಡ ಮಾಡದೆ ತೋರಿಸಿ.

ಯಾದಗಿರಿಯಿಂದ: ನಮ್ಮ ಅಪ್ಪಂದು ದೊಡ್ಡ ಕರುಳಿನ ಕ್ಯಾನ್ಸರ್. 2025ರಲ್ಲಿ ಒಂದು ಅಧ್ಯಯನ ಹೊರಬಂತು. ಆಪರೇಷನ್, ಕೀಮೋ ಎರಡೂ ಮುಗಿದ 889 ಜನ ಅದರಲ್ಲಿದ್ದರು. ಮೂರು ವರ್ಷ ಹೇಳಿಕೊಟ್ಟು ವ್ಯಾಯಾಮ ಮಾಡಿಸಿದವರಲ್ಲಿ ಎಂಟು ವರ್ಷದ ಹೊತ್ತಿಗೆ ನೂರಕ್ಕೆ 90 ಮಂದಿ ಬದುಕಿದ್ದರು. ಬರೀ ಓದಲು ಪುಸ್ತಿಕೆ ಕೊಟ್ಟವರಲ್ಲಿ 83. ಕರುಳಿನದಕ್ಕೆ ಕಂಡ ಲೆಕ್ಕ ಇದು, ಸ್ತನದ್ದಕ್ಕೆ ಹಾಗೇ ಹಚ್ಚಬೇಡಿ. ಆದರೆ ಅಪ್ಪ ಇದನ್ನು ಕೇಳಿದ ಮೇಲೆ ಒಂದು ದಿನವೂ ನಡಿಗೆ ತಪ್ಪಿಸಿಲ್ಲ.

ನರ್ಸ್, ಬೀದರ್: ಜ್ವರ 100.4 ಡಿಗ್ರಿ ಮುಟ್ಟಿದರೆ ನಡಿಗೆ ಬಿಟ್ಟು ನೇರ ಆಸ್ಪತ್ರೆಗೆ ಬನ್ನಿ, ನಡುರಾತ್ರಿಯಾದರೂ. ಕೀಮೋದಲ್ಲಿ ಬಿಳಿ ರಕ್ತಕಣ ಇಳಿದಾಗ ಸೋಂಕು ಬೇಗ ಏರುತ್ತದೆ. ಪ್ಲೇಟ್‌ಲೆಟ್ ಕಡಿಮೆಯಿದ್ದರೆ, ಎಲುಬಿಗೆ ಹರಡಿದ್ದರೆ, ಡಾಕ್ಟರನ್ನು ಕೇಳಿಯೇ ವ್ಯಾಯಾಮ. ಇನ್ನು ಅವ್ವನ ಅಳು. ಮೈ ಬಗ್ಗಿಸಿ ದುಡಿದರೆ ಸ್ತನ ಕ್ಯಾನ್ಸರ್ ಅಪಾಯ ಸ್ವಲ್ಪ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ. ಹೆಣ್ಣಾಗಿರುವುದು, ವಯಸ್ಸಾಗುವುದು, ಇವೆರಡೇ ದೊಡ್ಡ ಕಾರಣ. ಇದರಲ್ಲಿ ಅವರ ತಪ್ಪೇನಿದೆ? ಪಕ್ಕದಲ್ಲಿ ಕೂತು ಹೇಳಿ.

ಕೇಳಿದವರು: ಅಕ್ಕಾ, ಈಗಷ್ಟೇ ಬಳೆ ನೋಡಿದೆ. ಎಡಗೈದು ಬಿಗಿಯಿದೆ. ನಾಳೆ ಬೆಳಿಗ್ಗೆಯೇ ತೋರಿಸುತ್ತೇವೆ.